ಅರ್ಧ ಟ್ಯಾಂಕಿನಲ್ಲಿ ಕಣ್ಣೂರಿಗೆ

ಮಾರ್ಚ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಐದು ಗಂಟೆಗೆ ಮಂಗಳೂರಿನ ಕೊಟ್ಟಾರದ ನಮ್ಮ ಮನೆಯ ಗೇಟು ತೆಗೆದು ವ್ಯಾನನ್ನು ರಸ್ತೆಗೆ ಇಳಿಸಿದೆ. ಮೂರು ತಿಂಗಳಿಂದ ನಿಂತಲ್ಲೇ ನಿಂತಿದ್ದ ಗಾಡಿ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಬ್ಯಾಟರಿ ಉಳಿಸಿಕೊಂಡದ್ದು ಬಿಟ್ಟರೆ ಅದು ಅಂಗಳ ದಾಟಿರಲಿಲ್ಲ. ಕೇರಳದ ಕಣ್ಣೂರಿಗೆ ಹೆಚ್ಚುಕಡಿಮೆ ನೂರ ನಲ್ವತ್ತೈದು ಕಿಲೋಮೀಟರು. ಮಧ್ಯಾಹ್ನ ಹನ್ನೆರಡರ ಒಳಗೆ ಅಲ್ಲಿ ಮುಟ್ಟಬೇಕಿತ್ತು. ಪೆಟ್ರೋಲಿನ ಮುಳ್ಳು ಕಾಲು ಭಾಗದಲ್ಲಿತ್ತು. ಅದು ಅರ್ಧ ದಾಟಬಾರದು ಎಂಬುದು ಈ ಪ್ರಯಾಣಕ್ಕಿದ್ದ ಒಂದೇ ನಿಯಮ.

ನಿಯಮ ಮಾಡಿದವಳು ನಾನಲ್ಲ, ವ್ಯಾನಿನ ಕಂಪನಿ. ಡಿಸೆಂಬರಿನಲ್ಲಿ ಅವರಿಂದ ಒಂದು ಪತ್ರ ಬಂದಿತ್ತು. ಈ ಮಾದರಿಯ ವ್ಯಾನುಗಳಲ್ಲಿ ಟ್ಯಾಂಕಿನ ಮೇಲೆ ಕೂತು ಎಂಜಿನಿಗೆ ಪೆಟ್ರೋಲು ತಳ್ಳುವ ಪಂಪಿನ ಮುಚ್ಚಳವೂ ಅದರ ರಬ್ಬರ್ ರಿಂಗೂ ಬಿರುಕು ಬಿಡಬಹುದು, ಟ್ಯಾಂಕು ಅರ್ಧಕ್ಕಿಂತ ಹೆಚ್ಚು ತುಂಬಿದ್ದರೆ ಪೆಟ್ರೋಲು ಸೋರಿ ಬೆಂಕಿ ಹತ್ತಬಹುದು, ಗಾಡಿ ತಂದರೆ ಹೊಸ ಪಂಪನ್ನು ಬಿಟ್ಟಿಯಾಗಿ ಹಾಕಿಕೊಡುತ್ತೇವೆ ಎಂದು ಅದರಲ್ಲಿತ್ತು. ಇದಕ್ಕೆ ರೀಕಾಲ್ ಎನ್ನುತ್ತಾರೆ. ಮರುದಿನವೇ ಸರ್ವಿಸ್ ಸೆಂಟರಿಗೆ ಹೋದೆ. "ಪಾರ್ಟ್ ಬಂದಿಲ್ಲ ಮೇಡಂ, ಬಂದ ಕೂಡ್ಲೇ ಕಾಲ್ ಮಾಡ್ತೇವೆ" ಎಂದರು. ಕರೆದವರೂ ಅವರೇ, ಹೋದಾಗ ಇಲ್ಲ ಎಂದವರೂ ಅವರೇ. ಊಟಕ್ಕೆ ಕರೆದು ಎಲೆ ಹಾಕದ ಹಾಗಾಯಿತು. ಜನವರಿಯಲ್ಲಿ ಕೇಳಿದರೂ ಅದೇ ಉತ್ತರ, ಫೆಬ್ರವರಿಯಲ್ಲಿ ಕೇಳಿದರೂ ಅದೇ. ನನ್ನ ಹಾಗೆ ಕಾಯುತ್ತಿದ್ದ ಈ ಊರಿನ ಕೆಲವು ಮಾಲಕರು ಸೇರಿ ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿಕೊಂಡೆವು. ಅದಕ್ಕೆ 'ಪಾರ್ಟ್ ಬಂತಾ' ಎಂದು ಹೆಸರಿಟ್ಟೆವು.

ಗುಂಪಿನಲ್ಲಿ ಹೆಚ್ಚಿನವರು ಅರ್ಧ ಟ್ಯಾಂಕು ಹಾಕಿಕೊಂಡು ಗಾಡಿ ಓಡಿಸುತ್ತಲೇ ಇದ್ದರು. ನನ್ನಿಂದ ಆಗಲಿಲ್ಲ. ಹನ್ನೊಂದು ವರ್ಷದಿಂದ ಡಯಾಲಿಸಿಸ್ ಮಾಡಿಸಿಕೊಳ್ಳುವವರನ್ನು ಕಂಕನಾಡಿಯ ಆಸ್ಪತ್ರೆಗೆ ಮುಟ್ಟಿಸಿ ಮನೆಗೆ ವಾಪಸು ತರುವುದು ನನ್ನ ಕೆಲಸ. ಸೋಮವಾರ, ಬುಧವಾರ, ಶುಕ್ರವಾರ, ಬೆಳಿಗ್ಗೆ ಐದೂವರೆಗೆ ಶುರು. ಮಳೆಗಾಲದಲ್ಲಿ ಪಂಪ್‌ವೆಲ್ ವೃತ್ತದಲ್ಲಿ ಮೊಣಕಾಲವರೆಗೆ ನೀರು ನಿಂತ ದಿನವೂ, ಬಂದ್ ಇದ್ದ ದಿನವೂ ನಾನು ತಪ್ಪಿಸಿದ್ದಿಲ್ಲ. ನಾನು ಹೆಮ್ಮೆಯ ಹೆಂಗಸು, ಅದನ್ನು ಮುಚ್ಚಿಟ್ಟು ಬರೆಯುವುದಿಲ್ಲ. ಈಚೆಗೆ ಮೂವರನ್ನು ಕರೆದೊಯ್ಯುತ್ತಿದ್ದೆ. ಬೆಂಕಿ ಹತ್ತಿದರೆ ಬಾಗಿಲು ತೆಗೆದು ಓಡಲಿಕ್ಕೆ ಆಗದ ಮೂವರು. ಅವರನ್ನು ಸೋರುವ ಟ್ಯಾಂಕಿನ ಮೇಲೆ ಕೂರಿಸುವುದು ಹೇಗೆ? ಪತ್ರ ಬಂದ ದಿನವೇ ವ್ಯಾನು ನಿಲ್ಲಿಸಿದೆ. ಬದಲಿಗೆ ಬೇರೆ ಗಾಡಿ ಹುಡುಕಿದೆ. ಗಾಡಿ ಸಿಕ್ಕಿತು, ಆದರೆ ನಸುಕಿನಲ್ಲಿ ಬಂದು ಒಬ್ಬೊಬ್ಬರನ್ನೇ ಕೈಹಿಡಿದು ಹತ್ತಿಸುವವರು ಸಿಗಲಿಲ್ಲ. ಮೂವರೂ ಆಟೋ ಹಿಡಿಯತೊಡಗಿದರು.

ಗುರುವಾರ ಸಂಜೆ ಪಕ್ಕದ ಮನೆಯ ಫೆಲ್ಸಿ ಬಾಯಿ ಬಂದರು. ಕೊಂಕಣಿ ಮಾತಾಡುವ ಕ್ರೈಸ್ತ ಹಿರಿಯ ಹೆಂಗಸರನ್ನು ನಮ್ಮ ಕಡೆ ಗೌರವದಿಂದ ಬಾಯಿ ಎನ್ನುತ್ತೇವೆ. ಇಪ್ಪತ್ತೆರಡು ವರ್ಷ ಮಸ್ಕತ್ತಿನಲ್ಲಿ ನರ್ಸ್ ಆಗಿದ್ದು ಈಗ ನಿವೃತ್ತರು, ಅರವತ್ತೇಳು ವಯಸ್ಸು. ನನ್ನ ರೋಗಿಗಳ ಮನೆಗೆ ಆಗಾಗ ಹೋಗಿ ಬಿಪಿ ನೋಡಿ, ಬೈದು ಬರುವುದು ಅವರ ಹವ್ಯಾಸ.

"ಶಶಿ, ವಾಸು ಇನ್ನು ಡಯಾಲಿಸಿಸ್‌ಗೆ ವಾರಕ್ಕೆ ಎರಡೇ ಸಲ ಹೋಗುದಂತೆ" ಎಂದರು. "ಆಟೋದಲ್ಲಿ ಕುಲುಕಿ ಕುಲುಕಿ ಸಾಕಾಯ್ತಂತೆ. ಡಾಕ್ಟ್ರು ಬೈದ್ರೂ ಕೇಳುದಿಲ್ಲ. ನಾನು ನರ್ಸು, ನಾನು ಹೇಳ್ತೇನೆ ಕೇಳು. ಎರಡು ಸಲ ಅಂದ್ರೆ ನಿಧಾನಕ್ಕೆ ಸಾಯುದು, ಅಷ್ಟೇ."

ವಾಸಣ್ಣ ಎಂದರೆ ಕೊಟ್ಟಾರ ಚೌಕಿಯ ವಾಸು ಪೂಜಾರಿ. ಹಿಂದೆ ಸರ್ವಿಸ್ ಬಸ್ಸಿನ ಡ್ರೈವರ್ ಆಗಿದ್ದವರು, ನನ್ನ ಮೂವರಲ್ಲಿ ಎಲ್ಲರಿಗಿಂತ ಹಿರಿಯರು, ಎಲ್ಲರಿಗಿಂತ ಹಟಮಾರಿ. ಆ ರಾತ್ರಿ ನಾನು ಜಾಗ್ರತೆ ಮಾಡಿದ್ದೇ ಅವರನ್ನು ಕೊಲ್ಲುತ್ತಿದೆಯೋ ಎನ್ನಿಸಿತು. ಶುಕ್ರವಾರ ಬೆಳಿಗ್ಗೆ ಗುಂಪಿನಲ್ಲಿ ಯಾರೋ ಬರೆದರು: ಕಣ್ಣೂರಿನ ಸರ್ವಿಸ್ ಸೆಂಟರಿನಲ್ಲಿ ಎರಡು ಪಂಪು ಉಂಟು. ಫೋನು ಮಾಡಿದೆ. ಪಾರ್ಟನ್ನು ಕೈಗೆ ಕೊಡುವುದಿಲ್ಲ, ಗಾಡಿ ತನ್ನಿ, ಶನಿವಾರ ಎರಡು ಗಂಟೆಗೆ ಕೆಲಸ ನಿಲ್ಲುತ್ತದೆ, ಹನ್ನೆರಡರ ಒಳಗೆ ಬನ್ನಿ, ಮೊದಲು ಬಂದವರಿಗೆ ಮೊದಲು ಎಂದರು. ಈ ವಿಷಯ ಹೇಳಿದ್ದೇ ತಡ, ಫೆಲ್ಸಿ ಬಾಯಿ ಕೇಳಿದರು:

"ನಿನಗೆ ಮಲಯಾಳಂ ಬರ್ತದಾ?"

"ಇಲ್ಲ."

"ಮತ್ತೆಂತ? ನಾನು ಬರ್ತೇನೆ. ಮಸ್ಕತ್ತಲ್ಲಿ ನನ್ನ ವಾರ್ಡಲ್ಲಿ ಇದ್ದದ್ದೆಲ್ಲ ಅವರೇ."

ಹೀಗೆ ನಾವಿಬ್ಬರು ಹೊರಟದ್ದು. ಅಷ್ಟು ಬೆಳಿಗ್ಗೆಯೂ ನಂತೂರಿನಲ್ಲಿ ಲಾರಿಗಳು ಒಂದರ ಹಿಂದೆ ಒಂದು ನಿಂತಿದ್ದವು. ಎಡಗಡೆಯಿಂದ ಒಂದು ಬಸ್ಸು ಮೂತಿ ತೂರಿಸಿತು. ನಾನು ಜಾಗ ಕೊಡಲಿಲ್ಲ. ಮೂರು ತಿಂಗಳು ಸುಮ್ಮನಿದ್ದರೂ ಕೈ ಮರೆತಿರಲಿಲ್ಲ ಎಂದು ಒಳಗೊಳಗೇ ಖುಷಿಯಾಯಿತು. ನೇತ್ರಾವತಿ ಸೇತುವೆಯ ಮೇಲೆ ಕಿಟಕಿ ಇಳಿಸಿದೆವು. ತಂಪು ಗಾಳಿ ಸಿಕ್ಕಿದ್ದು ಅಲ್ಲಿಗೇ ಕೊನೆ, ಆಮೇಲೆ ಇಡೀ ದಿನ ಸೆಕೆ. ತೊಕ್ಕೊಟ್ಟಿನ ಹೋಟೆಲಿನಲ್ಲಿ ಬನ್ಸ್ ತಿಂದು ಚಹಾ ಕುಡಿದೆವು. ಇಬ್ಬರಿಗೆ ಸೇರಿ ಎಂಬತ್ತು ರೂಪಾಯಿ. ಬನ್ಸ್ ಬಿಸಿ ಇತ್ತು, ಬಾಳೆಹಣ್ಣಿನ ಸಿಹಿ ಹದವಾಗಿತ್ತು. ಫೆಲ್ಸಿ ಬಾಯಿಗೆ ಅದು ತಪಸ್ಸು ಕಾಲ. ಈಸ್ಟರ್ ಬರುವವರೆಗೆ ಮೀನು ಮಾಂಸ ಮುಟ್ಟುವುದಿಲ್ಲ, ಚಹಾಕ್ಕೆ ಸಕ್ಕರೆಯನ್ನೂ ಬಿಟ್ಟಿದ್ದರು. ಬನ್ಸಿನಲ್ಲಿ ಸಕ್ಕರೆ ಇಲ್ಲವಾ ಎಂದು ಕೇಳಿದೆ. "ಅದು ತಿಂಡಿ ಮಾರಾಯ್ತಿ, ಅದರ ಲೆಕ್ಕ ಬೇರೆ" ಎಂದರು.

ದಾರಿಯುದ್ದಕ್ಕೂ ನಾನು ಬಡಾಯಿ ಕೊಚ್ಚುತ್ತಿದ್ದೆ. ಗುಂಪಿನವರೆಲ್ಲ ಹೇಗೆ ಬೇಜವಾಬ್ದಾರಿಯವರು, ಅರ್ಧ ಟ್ಯಾಂಕು ಎಂದು ಹೇಳಿ ಮುಕ್ಕಾಲು ಹಾಕಿಸುತ್ತಾರೆ, ನಾನೊಬ್ಬಳು ಹೇಗೆ ಮೂರು ತಿಂಗಳ ಸಂಪಾದನೆ ಬಿಟ್ಟು ಕೂತೆ ಎಂದೆಲ್ಲ ಹೇಳಿದೆ. ಫೆಲ್ಸಿ ಬಾಯಿ ಹೂಂ ಹೂಂ ಎನ್ನುತ್ತಾ ಜಪಮಾಲೆ ತಿರುಗಿಸುತ್ತಿದ್ದರು. ಹೂಂ ಎಂದದ್ದು ನನಗೋ ದೇವರಿಗೋ ಗೊತ್ತಾಗುತ್ತಿರಲಿಲ್ಲ.

ತಲಪಾಡಿ ಬಂತು. ಇಲ್ಲಿ ನಮ್ಮ ರಾಜ್ಯ ಮುಗಿದು ಕೇರಳ ಶುರು. ಗಡಿಯ ಆಚೆ ಪೆಟ್ರೋಲಿಗೆ ಲೀಟರಿಗೆ ಕೆಲವು ರೂಪಾಯಿ ಹೆಚ್ಚು. ಆದ್ದರಿಂದ ಆಚೆಯವರು ಈಚೆ ಬಂದು ತುಂಬಿಸಿಕೊಂಡು ಹೋಗುತ್ತಾರೆ. ಈಚೆಯವರಂತೂ ಗಡಿ ದಾಟುವ ಮೊದಲು ಕುತ್ತಿಗೆಯವರೆಗೆ ತುಂಬಿಸಿಕೊಳ್ಳುತ್ತಾರೆ. ತಲಪಾಡಿಯಲ್ಲಿ ಫುಲ್ ಮಾಡದೆ ಕೇರಳಕ್ಕೆ ಹೋದವನನ್ನು ಮಂಗಳೂರಿನಲ್ಲಿ ಯಾರೂ ಡ್ರೈವರ್ ಎನ್ನುವುದಿಲ್ಲ. ಗಾಡಿ ಕಲಿಯುವಾಗ ಕ್ಲಚ್ಚು, ಬ್ರೇಕು, ಆಮೇಲೆ ಇದು. ನನ್ನ ಲೆಕ್ಕ ಹತ್ತೇ ಲೀಟರು ಹಾಕಿಸುವುದಾಗಿತ್ತು. ಗಡಿಯ ಈಚೆಯ ಪೆಟ್ರೋಲ್ ಬಂಕಿಗೆ ಗಾಡಿ ಹಾಕಿದೆ. ಫೆಲ್ಸಿ ಬಾಯಿ ಕೈ ತೊಳೆಯಲಿಕ್ಕೆ ಹೋದರು. ಬಂಕಿನವನು ಟ್ಯಾಂಕಿನ ಮುಚ್ಚಳ ತೆಗೆದು "ಎಷ್ಟು ಅಕ್ಕ?" ಎಂದ. ನಾನು ಹಣ ತೆಗೆಯಲಿಕ್ಕೆ ಬ್ಯಾಗಿನಲ್ಲಿ ತಡಕಾಡುತ್ತಾ, ತಲೆ ಎತ್ತದೆ, ಇಪ್ಪತ್ತೈದು ವರ್ಷದಿಂದ ಅದೇ ಜಾಗದಲ್ಲಿ ಹೇಳುತ್ತಾ ಬಂದದ್ದನ್ನೇ ಹೇಳಿದೆ.

"ಫುಲ್ ಮಾಡಿ."

ಹೇಳಿದ್ದು ನನಗೇ ಕೇಳಿಸಲಿಲ್ಲ. ಹಣ ಕೊಟ್ಟೆ, ಚಿಲ್ಲರೆ ತೆಗೆದುಕೊಂಡೆ. ನೋಟು ಇಷ್ಟು ಹೆಚ್ಚು ಯಾಕೆ ಹೋಯಿತು ಎಂಬ ಪ್ರಶ್ನೆಯೂ ಹುಟ್ಟಲಿಲ್ಲ. ಬುದ್ಧಿವಂತರ ಜಿಲ್ಲೆಯವರು ನಾವು!

ಟೋಲು ದಾಟಿ ಮಂಜೇಶ್ವರ, ಉಪ್ಪಳ. ಅಗಲ ಮಾಡಿದ ಹೊಸ ಹೆದ್ದಾರಿ, ಗಾಡಿ ಜಾರಿದ ಹಾಗೆ ಹೋಗುತ್ತಿತ್ತು. ಏಳು ಗಂಟೆಗೇ ಬಿಸಿಲು ಸುಡಲು ಶುರುವಾಗಿತ್ತು. ಕುಂಬಳೆ ಹತ್ತಿರವಾಗುವಾಗ ಫೆಲ್ಸಿ ಬಾಯಿ ಮೂಗು ಅರಳಿಸಿದರು.

"ಎಂತದೋ ಪೆಟ್ರೋಲ್ ಪರಿಮಳ ಬರ್ತಾ ಉಂಟಲ್ಲಾ ಶಶಿ?"

ಕಿಟಕಿಯಿಂದ ಇರಬೇಕು ಎನ್ನಲು ಬಾಯಿ ತೆರೆದವಳು ಮುಳ್ಳು ನೋಡಿದೆ. ಮುಳ್ಳು ಮೇಲಿನ ಗೆರೆಗೆ ಅಂಟಿಕೊಂಡಿತ್ತು. ಸರ್ವಿಸ್ ರಸ್ತೆಗೆ ಇಳಿಸಿ, ಗಾಡಿ ಬಂದ್ ಮಾಡಿ, ಬಾಯಿಯನ್ನು ಇಳಿಸಿಕೊಂಡು ಐವತ್ತು ಹೆಜ್ಜೆ ದೂರ ಹೋಗಿ ನಿಂತೆ.

"ಎಷ್ಟು ಹಾಕಿಸಿದ್ದು?" ಎಂದು ಕೇಳಿದರು.

"ಫುಲ್."

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. "ಆಯ್ತು, ಈಗ ಎಂತ ಮಾಡುದು ಅಂತ ನೋಡುವ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ರಸ್ತೆಯ ಆಚೆ ಇದ್ದ ಒಂದು ವರ್ಕ್‌ಶಾಪಿನ ಕಡೆ ನಡೆದರು.

ವರ್ಕ್‌ಶಾಪಿನ ಅಶ್ರಫ್ ಎಂಬವರು ಬಾಗಿಲು ತೆರೆಯುತ್ತಿದ್ದರಷ್ಟೆ. ನಲ್ವತ್ತರ ಆಸುಪಾಸಿನವರು. ಕುಂಬಳೆಯವರಾದ್ದರಿಂದ ಕನ್ನಡ, ತುಳು, ಮಲಯಾಳಂ ಮೂರೂ ಸಲೀಸು. ವಿಷಯ ಕೇಳಿ ಮೊದಲು ಮಾಡಿದ ಕೆಲಸ ಎಂದರೆ ಬಸ್ ಸ್ಟ್ಯಾಂಡಿನಲ್ಲಿ ಬೀಡಿ ಸೇದುತ್ತಿದ್ದ ಇಬ್ಬರನ್ನು ಅಲ್ಲಿಂದ ಓಡಿಸಿದ್ದು. ಫೋನುಗಳನ್ನೆಲ್ಲ ದೂರ ಇಡಿಸಿದರು. ಗಾಡಿಯ ಎಲ್ಲ ಬಾಗಿಲು ತೆಗೆದಿಟ್ಟು, ಎಂಜಿನ್ ತಣಿಯುವವರೆಗೆ ಯಾರನ್ನೂ ಹತ್ತಿರ ಬಿಡಲಿಲ್ಲ. ಆಮೇಲೆ ಕೆಳಗೆ ಮಲಗಿ ಪೈಪು ಬಿಚ್ಚಿ ಪೆಟ್ರೋಲನ್ನು ಕ್ಯಾನಿಗೆ ಇಳಿಸತೊಡಗಿದರು. ಒಂದು ಕ್ಯಾನು ತುಂಬಿತು, ಎರಡು ತುಂಬಿತು. ಇನ್ನು ಎಲ್ಲಿ ಇಡುವುದು? ಅಂಗಡಿಯಲ್ಲಿ ಇಷ್ಟು ಪೆಟ್ರೋಲು ಇಟ್ಟುಕೊಳ್ಳಲಿಕ್ಕೆ ಅವರು ತಯಾರಿರಲಿಲ್ಲ. ಕೊನೆಗೆ ಕೆಲಸಕ್ಕೆ ಹೊರಟವರ ಬೈಕುಗಳನ್ನು ಒಂದೊಂದಾಗಿ ನಿಲ್ಲಿಸಿ ಅವಕ್ಕೆ ತುಂಬಿಸಿದೆವು. ಬೈಕಿನವರು ಬಿಟ್ಟಿ ಬೇಡ ಎಂದರು, ನಾನು ಹಣ ಬೇಡ ಎಂದೆ. ಒಬ್ಬರು ಮೀನು ಮಾರುಕಟ್ಟೆಗೆ ಹೊರಟವರು ವಾಪಸು ಬರುವಾಗ ಬಂಗುಡೆ ಕೊಡುತ್ತೇನೆಂದು ಮಾತುಕೊಟ್ಟರು.

ಅಶ್ರಫ್ ಕೈ ಒರೆಸಿಕೊಳ್ಳುತ್ತಾ ನಕ್ಕರು. "ಅಕ್ಕಾ, ನಮ್ಮವರು ತಲಪಾಡಿಗೆ ಹೋಗಿ ತುಂಬಿಸಿ ಬರುದು ದಿನಾ ನೋಡ್ತೇನೆ. ಅಲ್ಲಿಂದ ತಂದು ನಮಗೆ ಹಂಚಿದವರು ನೀವೇ ಫಸ್ಟು."

ನನಗೂ ನಗು ಬಂತು. ಮುಳ್ಳು ಕಾಲು ಭಾಗಕ್ಕೆ ಇಳಿದಿತ್ತು. ವಾಸನೆ ಹೋಗಿತ್ತು, ಕೆಳಗೆ ಎಲ್ಲೂ ಹನಿ ಇರಲಿಲ್ಲ. ಒಂದೂವರೆ ಗಂಟೆ ಅಲ್ಲಿ ಕಳೆದಿದ್ದೆವು. ಅಶ್ರಫ್ ಕೂಲಿ ತೆಗೆದುಕೊಳ್ಳಲಿಲ್ಲ. "ಪೇಶಂಟಿನ ಗಾಡಿ ಅಂತ ಬಾಯಮ್ಮ ಹೇಳಿದ್ರು. ಹೋಗಿ ಬನ್ನಿ" ಎಂದರು.

ಅಲ್ಲಿಂದ ಮುಂದೆ ನಾನು ಬಡಾಯಿ ಕೊಚ್ಚಲಿಲ್ಲ. ಎಲ್ಲ ಕಿಟಕಿ ತೆರೆದು, ಎಪ್ಪತ್ತರ ಮೇಲೆ ಹೋಗದೆ ಓಡಿಸಿದೆ. ಕಾಸರಗೋಡು, ಕಾಞಂಗಾಡು, ನೀಲೇಶ್ವರ. ಕೆಲವು ಕಡೆ ಹೆದ್ದಾರಿ ಕೆಲಸ ಮುಗಿದಿರಲಿಲ್ಲ. ಅರ್ಧ ಕಟ್ಟಿದ ಸೇತುವೆಗಳ ಕೆಳಗೆ ಮಣ್ಣಿನ ದಾರಿಯಲ್ಲಿ ಸುತ್ತಿ ಸುತ್ತಿ ಹೋಗಬೇಕು. ಧೂಳು ಒಳಗೆ ಬಂದು ಫೆಲ್ಸಿ ಬಾಯಿಯ ಬಿಳಿ ಕೂದಲು ಕೆಂಪಾಯಿತು. ಪಯ್ಯನ್ನೂರಿನಲ್ಲಿ ಎಳನೀರು ಕುಡಿದೆವು. ಎಳನೀರಿನವನ ಹತ್ತಿರ ಬಾಯಿ ಮಲಯಾಳದಲ್ಲಿ ಚೌಕಾಸಿ ಮಾಡಿ ಐದು ರೂಪಾಯಿ ಇಳಿಸಿದರು. ಆಮೇಲೆ ಅವನ ತಾಯಿಗೆ ಸಕ್ಕರೆ ಕಾಯಿಲೆ ಎಂದು ತಿಳಿದು, ಹತ್ತು ನಿಮಿಷ ಪಥ್ಯ ಹೇಳಿ, ಆ ಐದು ರೂಪಾಯಿಯನ್ನು ಅವನಿಗೇ ಕೊಟ್ಟು ಬಂದರು.

ಕಣ್ಣೂರಿನ ಸರ್ವಿಸ್ ಸೆಂಟರಿನ ಗೇಟು ಹೊಕ್ಕಾಗ ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು. ಎರಡು ಪಂಪಿನಲ್ಲಿ ಒಂದನ್ನು ಬೆಳಿಗ್ಗೆಯೇ ಯಾರೋ ಹಾಕಿಸಿಕೊಂಡಿದ್ದರು. ಇನ್ನೊಂದು ಖಾಕಿ ಡಬ್ಬಿಯಲ್ಲಿ ಮೇಜಿನ ಮೇಲೆ ಇತ್ತು. ಮೂರು ತಿಂಗಳಿಂದ ಕೇಳಿ ಕೇಳಿ ಸಾಕಾಗಿದ್ದ ವಸ್ತುವನ್ನು ಕಣ್ಣಾರೆ ಕಂಡು ಮುಟ್ಟಿ ನೋಡಿದೆ. ಸೂಪರ್‌ವೈಸರ್ ಪ್ರೀತಾ ಎಂಬ ಮಹಿಳೆ. ಮೂವತ್ತೈದು ಇರಬಹುದು, ಮಾತು ಕಡಿಮೆ. ಕನ್ನಡ ಬರುವುದಿಲ್ಲ. ನಮ್ಮ ಮಾತುಕತೆಯೆಲ್ಲ ಫೆಲ್ಸಿ ಬಾಯಿಯ ಮೂಲಕ ನಡೆಯಿತು.

ಪ್ರೀತಾ ಒಂದು ಫಾರ್ಮ್ ತೆಗೆದು ಪ್ರಶ್ನೆಗಳನ್ನು ಓದಿದರು. ಗಾಡಿ ಎಷ್ಟು ಓಡಿದೆ, ಪತ್ರ ಯಾವಾಗ ಬಂತು. ಕೊನೆಗೆ ಒಂದು ಪ್ರಶ್ನೆ ಓದಿ ಏನನ್ನೋ ವಿವರಿಸಿದರು. ಫೆಲ್ಸಿ ಬಾಯಿ ನನ್ನ ಕಡೆ ತಿರುಗಿದರು.

"ಪತ್ರ ಬಂದ ಮೇಲೆ ಟ್ಯಾಂಕು ಅರ್ಧಕ್ಕಿಂತ ಜಾಸ್ತಿ ತುಂಬಿಸಿದ್ದುಂಟಾ ಅಂತ ಕೇಳ್ತಾಳೆ. ಇಲ್ಲ ಅಂದ್ರೆ ಪಂಪು ಬದಲಿಸಿ ಎರಡು ಗಂಟೆಗೆ ಕೊಡ್ತಾರಂತೆ. ಉಂಟು ಅಂದ್ರೆ ಸೀಟೆಲ್ಲ ತೆಗೆದು, ಮ್ಯಾಟ್ ಎತ್ತಿ, ವಯರೆಲ್ಲ ನೋಡ್ಬೇಕಂತೆ. ಅದು ಇವತ್ತು ಮುಗಿಯುದಿಲ್ಲ. ಗಾಡಿ ಇಲ್ಲೇ ಇರ್ಬೇಕು, ಸೋಮವಾರ ಸಂಜೆವರೆಗೆ."

ಸೋಮವಾರ ವಾಸಣ್ಣನ ದಿನ. ಸೋಮವಾರ ವ್ಯಾನು ಮನೆಯ ಮುಂದೆ ನಿಂತರೆ ಅವರು ಹತ್ತುತ್ತಾರೆ, ನಿಲ್ಲದಿದ್ದರೆ ಇಲ್ಲ ಎಂದು ನನಗೆ ಗೊತ್ತಿತ್ತು. ಟ್ಯಾಂಕು ತುಂಬಿದ್ದು ಅರ್ಧ ಗಂಟೆಯ ಮಟ್ಟಿಗೆ. ಈಗ ಕಾಲು ಭಾಗವೂ ಇಲ್ಲ, ವಾಸನೆಯೂ ಇಲ್ಲ. ಒಳ್ಳೆಯ ಕೆಲಸಕ್ಕಾಗಿ ಹೇಳಿದ್ದು ಸುಳ್ಳಾಗುವುದಿಲ್ಲ ಎಂದು ಮನಸ್ಸು ಎಷ್ಟು ಬೇಗ ವಕೀಲಿಕೆಗೆ ನಿಂತಿತು! ಆದರೆ ವಾಸಣ್ಣನ ಹೆಸರು ಅರ್ಧ ನೆಪ ಎಂದು ಈಗ ಒಪ್ಪಿಕೊಳ್ಳುತ್ತೇನೆ. ನನಗೆ ನಾಚಿಕೆಯಾಗಿತ್ತು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ತಪ್ಪಿಸದವಳು, ಊರಿಗೆಲ್ಲ ಬುದ್ಧಿ ಹೇಳಿದವಳು, ತಲಪಾಡಿಯಲ್ಲಿ ಕಣ್ಣು ಮುಚ್ಚಿಕೊಂಡು ಫುಲ್ ಹಾಕಿಸಿದಳು ಎಂದು ಆ ಫಾರ್ಮಿನಲ್ಲಿ ಅಚ್ಚಾಗುವುದು ನನಗೆ ಬೇಡವಾಗಿತ್ತು.

"ಎಂತ ಹೇಳ್ಲಿ?" ಎಂದು ಫೆಲ್ಸಿ ಬಾಯಿ ಕೇಳಿದರು.

ನಾನು ಮೇಜಿನ ಮೇಲಿದ್ದ ಖಾಕಿ ಡಬ್ಬಿಯನ್ನು ನೋಡಿದೆ.

"ನೋಡು ಮಾರಾಯ್ತಿ, ತಪಸ್ಸು ಕಾಲ ಇದು. ಸುಳ್ಳು ಹೇಳ್ಬೇಕಾದ್ರೆ ನೀನೇ ಹೇಳು, ತಲೆ ಅಲ್ಲಾಡಿಸಿದ್ರೂ ಅವಳಿಗೆ ಗೊತ್ತಾಗ್ತದೆ. ನನ್ನ ಬಾಯಿಂದ ಹೇಳಿಸ್ಬೇಡ."

ನನಗೆ ಸಿಟ್ಟೇ ಬಂತು. ಆ ಸಿಟ್ಟಿನಲ್ಲೇ ಹೇಳಿದೆ: "ಉಂಟು ಅಂತ ಹೇಳಿ. ಇವತ್ತೇ. ತಲಪಾಡಿಯಲ್ಲಿ. ಫುಲ್."

ಬಾಯಿ ಹೇಳಿದರು. ತಲಪಾಡಿ ಎಂಬ ಹೆಸರು ಮಾತ್ರ ನನಗೆ ತಿಳಿಯಿತು. ಪ್ರೀತಾ ಪೆನ್ನು ಎತ್ತಿ ನನ್ನನ್ನೇ ನೋಡಿದರು. ಈ ಪ್ರಶ್ನೆಗೆ ಹೌದು ಎಂದವರು ಇಲ್ಲಿಯವರೆಗೆ ಯಾರೂ ಇಲ್ಲವಂತೆ. ಎಲ್ಲರೂ ಇಲ್ಲ ಎಂದೇ ಬರೆಸುವುದಂತೆ. ಆಮೇಲೆ ಫೆಲ್ಸಿ ಬಾಯಿ ತುಂಬಾ ಹೊತ್ತು ಮಾತಾಡಿದರು. ವಾಸು, ಡಯಾಲಿಸಿಸ್, ಸೋಮವಾರ, ಕಂಕನಾಡಿ ಎಂಬ ಶಬ್ದಗಳು ಕೇಳಿಸುತ್ತಿದ್ದವು. ಪ್ರೀತಾ ಚೂಡಿದಾರದ ಶಾಲು ತೆಗೆದು ಕುರ್ಚಿಗೆ ಹಾಕಿದರು, ಗೋಡೆಯಿಂದ ಒಂದು ಸ್ಪ್ಯಾನರ್ ಎಳೆದುಕೊಂಡರು, ಇಬ್ಬರು ಮೆಕ್ಯಾನಿಕ್‌ಗಳನ್ನು ಕೂಗಿ ಕರೆದರು. ನಮಗೆ ಹೊರಗೆ ಹೋಗಿ ಊಟ ಮಾಡಿ ಬನ್ನಿ ಎಂದು ಕೈ ತೋರಿಸಿದರು.

ಎದುರಿನ ಹೋಟೆಲಿನಲ್ಲಿ ಮೀನಿನ ಊಟ ಚೆನ್ನಾಗಿತ್ತು ಎಂದು ಕಾಣುತ್ತದೆ, ಸುತ್ತಲಿನವರು ಬೆರಳು ನೆಕ್ಕುತ್ತಿದ್ದರು. ನನ್ನ ಎಲೆಯಲ್ಲಿ ಏನಿತ್ತೆಂದು ಈಗ ನೆನಪಿಲ್ಲ. ಫೆಲ್ಸಿ ಬಾಯಿ ಕುಚ್ಚಲಕ್ಕಿ ಅನ್ನ, ಮಜ್ಜಿಗೆ ಸಾರು, ಹಪ್ಪಳ ನೆಮ್ಮದಿಯಿಂದ ತಿಂದರು. ಎರಡು ಗಂಟೆಗೆ ಹಿಂದೆ ಬಂದೆವು. ಬೇರೆಲ್ಲ ಮೆಕ್ಯಾನಿಕ್‌ಗಳು ಮನೆಗೆ ಹೋಗಿದ್ದರು. ನಮ್ಮ ವ್ಯಾನಿನ ಸುತ್ತ ಮಾತ್ರ ಮೂವರು ಇದ್ದರು. ಸೀಟುಗಳೆಲ್ಲ ನೆಲದ ಮೇಲಿದ್ದವು. ಮ್ಯಾಟನ್ನು ಪೂರ್ತಿ ಸುತ್ತಿ ಹೊರಗೆ ಇಟ್ಟಿದ್ದರು.

ಪ್ರೀತಾ ನನ್ನನ್ನು ಕೈಸನ್ನೆ ಮಾಡಿ ಕರೆದು ತಗಡಿನ ಮೇಲೆ ಬೆರಳಿಟ್ಟು ತೋರಿಸಿದರು. ತುಂಬಿದ ಟ್ಯಾಂಕಿನಿಂದ ಉಕ್ಕಿದ ಪೆಟ್ರೋಲು ಪಂಪಿನ ಮೇಲಿನ ನೆಲದ ಮುಚ್ಚಳದ ಸಂದಿಯಿಂದ ಒಳಗೆ ನುಗ್ಗಿ, ಮ್ಯಾಟಿನ ಕೆಳಗೆ ಹಿಂದಕ್ಕೆ ಹರಿದಿತ್ತು. ಹಿಂದಿನ ಏಸಿಗೆ ಹೋಗುವ ವಯರುಗಳನ್ನು ಜೋಡಿಸಿದ ಕಡೆ ಹೋಗಿ ನಿಂತಿತ್ತು. ಮ್ಯಾಟಿನ ಅಡಿಯ ಸ್ಪಂಜು ಇನ್ನೂ ಒದ್ದೆ. ವಯರಿನ ಮೇಲಿನ ಹೊದಿಕೆ ಉಬ್ಬಿ ಮೆತ್ತಗಾಗಿತ್ತು. ಹಳೆಯ ಜೋಡಣೆ, ಮೊದಲೇ ಸಡಿಲ.

"ಪಂಪು ಮಾತ್ರ ಬದಲಿಸಿದ್ರೆ ಇದು ಕಾಣ್ತಿರ್ಲಿಲ್ಲವಂತೆ" ಎಂದು ಫೆಲ್ಸಿ ಬಾಯಿ ಮೆಲ್ಲಗೆ ಹೇಳಿದರು. "ಪಂಪು ಬಿಚ್ಚುವಾಗ ಪೆಟ್ರೋಲ್ ಪರಿಮಳ ಇದ್ದದ್ದೇ ಅಂತೆ, ಯಾರಿಗೂ ಡೌಟ್ ಬರುದಿಲ್ಲಂತೆ. ಏಸಿ ಹಾಕಿ ಒಂದು ಕಿಡಿ ಬಂದ್ರೆ ಸಾಕಿತ್ತಂತೆ."

ನಾನು ಕೆಳಗಿಟ್ಟಿದ್ದ ಸೀಟಿನ ಮೇಲೆಯೇ ಕೂತುಬಿಟ್ಟೆ. ಫೆಲ್ಸಿ ಬಾಯಿ ನೀರಿನ ಬಾಟಲಿ ಕೈಗೆ ಕೊಟ್ಟು, ನರ್ಸಿನ ಅಭ್ಯಾಸದಂತೆ ನಾಡಿ ಹಿಡಿದು ನೋಡಿದರು.

ಮೂರು ಮುಕ್ಕಾಲರವರೆಗೆ ಆ ಮೂವರು ಊಟ ಇಲ್ಲದೆ ಕೆಲಸ ಮಾಡಿದರು. ಹೊಸ ಪಂಪು ಕೂತಿತು. ಉಬ್ಬಿದ ವಯರನ್ನು ಕತ್ತರಿಸಿ ಹೊಸದನ್ನು ಜೋಡಿಸಿದರು, ಒದ್ದೆ ಸ್ಪಂಜನ್ನು ಎಸೆದು ತಗಡನ್ನು ಒರೆಸಿ ಗಾಳಿ ಹಾಯಿಸಿದರು. ಕೊನೆಗೆ ಅಲ್ಲಿಯ ಪೆಟ್ರೋಲನ್ನೇ ಹಾಕಿ ಟ್ಯಾಂಕನ್ನು ಪೂರ್ತಿ ತುಂಬಿಸಿ, ಗಾಡಿಯನ್ನು ರಸ್ತೆಯ ಹಂಪಿನ ಮೇಲೆ ನಾಲ್ಕು ಸಲ ಹತ್ತಿಸಿ ಇಳಿಸಿ, ಟಾರ್ಚು ಹಿಡಿದು ನೋಡಿದರು. ಒಂದು ಹನಿ ಇಲ್ಲ. ಪ್ರೀತಾ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು, ಬಾಯಿಯ ಹತ್ತಿರ ಕೇಳಿ ಕಲಿತ ಒಂದು ಕನ್ನಡ ಮಾತು ಹೇಳಿದರು: "ಸೋಮವಾರ ಓಡಿಸಿ." ನಾನು ಅವರ ಕೈ ಹಿಡಿದುಕೊಂಡೆ. ಮಸಿ ಹಿಡಿದ, ಗಟ್ಟಿ ಕೈ. ನನ್ನ ಕೆಲಸದ ಬಗ್ಗೆ ಇರುವಷ್ಟೇ ಹೆಮ್ಮೆ ಆ ಹೆಂಗಸಿನ ಕೆಲಸದ ಬಗ್ಗೆ ಆ ಗಳಿಗೆಯಲ್ಲಿ ನನಗಾಯಿತು.

ಹೊರಡುವ ಮೊದಲು ಅಲ್ಲೇ ನಿಂತು ಗುಂಪಿಗೆ ಬರೆದೆ. ಕಣ್ಣೂರಿನಲ್ಲಿ ಇನ್ನು ಪಂಪು ಇಲ್ಲ ಎಂದೂ, ನಾನು ತಲಪಾಡಿಯಲ್ಲಿ ಫುಲ್ ಹಾಕಿಸಿದೆ ಎಂದೂ, ಮ್ಯಾಟಿನ ಕೆಳಗೆ ಏನು ಸಿಕ್ಕಿತೆಂದೂ, ಫೋಟೋ ಸಮೇತ. ಮೊದಲು ಒಬ್ಬರು "ಶಶಿಯಕ್ಕ, ನೀವೇ ಹೀಗೆ ಮಾಡಿದ್ರೆ ನಮ್ಮ ಗತಿ ಎಂತ?" ಎಂದು ನಗುವ ಗೊಂಬೆ ಹಾಕಿದರು. ಆಮೇಲೆ ಒಬ್ಬೊಬ್ಬರೇ: ನಾನೂ ಹೋದ ವಾರ ಕಾಸರಗೋಡಿಗೆ ಹೋಗುವಾಗ ಅಲ್ಲೇ ಫುಲ್ ಹಾಕಿಸಿದ್ದೆ. ನಾನೂ. ನಾನೂ, ಎರಡು ಸಲ. ಪಯ್ಯನ್ನೂರು ದಾಟುವ ಹೊತ್ತಿಗೆ, ಸೋಮವಾರ ಹತ್ತು ಗಂಟೆಗೆ ಎಲ್ಲರೂ ಗಾಡಿ ಸಮೇತ ಮಂಗಳೂರಿನ ಸರ್ವಿಸ್ ಸೆಂಟರಿಗೆ ಹೋಗಿ, ಪಾರ್ಟು ಬರುವವರೆಗೆ ಮ್ಯಾಟ್ ಎತ್ತಿ ತೋರಿಸಿ ಎಂದು ಕೂರುವುದು ಎಂಬ ತೀರ್ಮಾನ ಆಗಿತ್ತು. ಫೆಲ್ಸಿ ಬಾಯಿ ಒಂದೊಂದು ಸಂದೇಶವನ್ನೂ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ನಮ್ಮ ಊರಿನವರು ತಪ್ಪು ಮಾಡುವುದರಲ್ಲಿ ಯಾರಿಗೂ ಕಡಿಮೆ ಇಲ್ಲ, ಒಪ್ಪಿಕೊಳ್ಳುವುದರಲ್ಲೂ ಕಡಿಮೆ ಇಲ್ಲ ಎಂದು ನಾನು ಸ್ಟಿಯರಿಂಗಿಗೆ ಒಂದು ಬಡಿದೆ.

ಏಳೂಕಾಲಿಗೆ ಕೊಟ್ಟಾರ ಮುಟ್ಟಿದೆವು. ಫೆಲ್ಸಿ ಬಾಯಿ ಮನೆಯ ಮುಂದೆ ಇಳಿದು, ಸೊಂಟ ಹಿಡಿದುಕೊಂಡು, "ಈಗ್ಲೇ ಹೋಗು. ನಾಳೆ ಅಂದ್ರೆ ನಿನ್ನ ಧೈರ್ಯ ತಣೀತದೆ" ಎಂದರು. ಎಲ್ಲಿಗೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕೊಟ್ಟಾರ ಚೌಕಿಯಲ್ಲಿ ವಾಸಣ್ಣ ಜಗಲಿಯ ಮೇಲೆ ಬನಿಯನ್ ಹಾಕಿಕೊಂಡು ಕೂತಿದ್ದರು. ಕಾಲು ಊದಿತ್ತು. ವ್ಯಾನಿನ ಸದ್ದಿಗೇ ತಲೆ ಎತ್ತಿದರು. ನಾವಿಬ್ಬರು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೂರು ಎಂದರೂ ಕೂರದೆ ನಿಂತೇ ಎಲ್ಲ ಹೇಳಿದೆ. ಪಂಪು ಸಿಕ್ಕಿದ್ದನ್ನು ಕೊನೆಗೆ ಇಟ್ಟು, ನಾನು ಮಾಡಿದ್ದನ್ನು ಮೊದಲು ಹೇಳಿದೆ.

"ಹೇಳದೆ ಇದ್ದಿದ್ರೆ ಒದ್ದೆ ಮ್ಯಾಟಿನ ಮೇಲೆ ನಿಮ್ಮನ್ನು ಕೂರಿಸ್ತಿದ್ದೆ ವಾಸಣ್ಣ. ನೀವು ಹತ್ತಿದ ಕೂಡ್ಲೇ ಏಸಿ ಹಾಕು ಅಂತೀರಿ. ನಾನು ಹಾಕ್ತಿದ್ದೆ."

ಅವರು ವ್ಯಾನನ್ನು ನೋಡಿದರು, ನನ್ನನ್ನು ನೋಡಿದರು. ಇನ್ನು ಬರುವುದಿಲ್ಲ ಎನ್ನುತ್ತಾರೆ ಎಂದುಕೊಂಡೆ, ಹಾಗೆ ಹೇಳಿದರೂ ಅದು ಅವರ ಹಕ್ಕು. ಆಮೇಲೆ ಗೋಡೆ ಹಿಡಿದು ಎದ್ದರು. ಗೂಟದಿಂದ ಅಂಗಿ ತೆಗೆದು ಹಾಕಿಕೊಂಡು, ಕಾಲಿನಲ್ಲೇ ಚಪ್ಪಲಿ ಹುಡುಕಿದರು.

"ಸೋಮವಾರ ಎಷ್ಟು ಹೊತ್ತಿಗೆ ಬರ್ತಿ?" ಎಂದು ಕೇಳಿದರು.

"ಐದೂವರೆಗೆ."

"ಅಷ್ಟರವರೆಗೆ ಯಾರು ಕಾಯುದು? ಈಗ ಒಂದು ಸುತ್ತು ಹೋಗಿ ಬರುವ, ನಡಿ."

ನಾನು ಕೈಹಿಡಿದು ಹತ್ತಿಸಿದೆ. ಹಿಂದಿನ ಸೀಟಿನಲ್ಲಿ ಕೂತು, ಉಸಿರು ಸರಿಮಾಡಿಕೊಂಡು, "ಏಸಿ ಹಾಕು" ಎಂದರು. ಬೆರಳು ಒಂದು ಕ್ಷಣ ಸ್ವಿಚ್ಚಿನ ಮೇಲೆ ನಿಂತಿತು. ಆಮೇಲೆ ಒತ್ತಿದೆ. ತಣ್ಣನೆ ಗಾಳಿ ಬಂತು.

ಕುಂಟಿಕಾನ ದಾಟಿ ನಂತೂರಿನ ಕಡೆ ಹೋದೆವು. ಶನಿವಾರದ ಸಂಜೆ, ಬಸ್ಸುಗಳು ಹಾರ್ನು ಬಾರಿಸುತ್ತಾ ಎರಡೂ ಕಡೆಯಿಂದ ನುಗ್ಗುತ್ತಿದ್ದವು. ವಾಸಣ್ಣ ಯಾವತ್ತೂ ಹಿಂದೆ ಕೂತು ಬ್ರೇಕು ಒತ್ತುವವರು, ಎಡಕ್ಕೆ ತೆಗಿ, ಬಲಕ್ಕೆ ಬಿಡು ಎನ್ನುವವರು. ಇವತ್ತು ಸದ್ದೇ ಇಲ್ಲ. ವೃತ್ತದಲ್ಲಿ ಗಾಡಿ ತಿರುಗಿಸುವಾಗ ಗಾಬರಿಯಾಗಿ ಕನ್ನಡಿಯಲ್ಲಿ ಹಿಂದಕ್ಕೆ ನೋಡಿದೆ. ನಲ್ವತ್ತು ವರ್ಷ ಬಸ್ಸು ಬಿಟ್ಟ ಮನುಷ್ಯ, ಇನ್ನೊಬ್ಬರು ಓಡಿಸುವ ಗಾಡಿಯಲ್ಲಿ ರೆಪ್ಪೆ ಮುಚ್ಚದವರು, ಕಿಟಕಿಗೆ ತಲೆಯಾನಿಸಿ ಗೊರಕೆ ಹೊಡೆಯುತ್ತಿದ್ದರು.